ದೊಡ್ಡಕ್ಕ ಬಾಗಿಲು ತೆಗೆದ ಕಂತು

ಬೈಂಡಿಂಗ್ ಅಂಗಡಿಯಲ್ಲಿ ಆ ಬೆಳಗ್ಗೆ ಕೆಲಸ ನಿಂತದ್ದು ಕರೆಂಟು ಹೋಗಿ ಅಲ್ಲ, ಅಂಟು ಮುಗಿದೂ ಅಲ್ಲ. ರೇಡಿಯೋದಲ್ಲಿ ದೊಡ್ಡಕ್ಕ ಬಾಗಿಲು ತೆಗೆದುಬಿಟ್ಟಳು, ಅದಕ್ಕೆ.

‘ಒಂದೇ ಹೊಸ್ತಿಲು’ ಎಂಬ ಆ ನಾಟಕ ವಾರಕ್ಕೆ ಐದು ದಿನ, ಹನ್ನೊಂದು ಗಂಟೆಗೆ ಸರಿಯಾಗಿ ಬರುತ್ತಿತ್ತು. ಅವರದು ಕೈಗೆ ಕೆಲಸವಿದ್ದು ಕಿವಿಗೆ ಬಿಡುವಿರುವ ಕಸುಬು. ಲೈಬ್ರರಿಗಳಿಂದ ಬಂದ ಹರಕು ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಕಟ್ಟಿ ವಾಪಸು ಕಳಿಸಬೇಕು. ಹೊಲಿಗೆಗೆ ಕೂರುವವರು ಚಿಕ್ಕಮ್ಮ. ಯಾರ ಚಿಕ್ಕಮ್ಮನೋ ಯಾರಿಗೂ ತಿಳಿಯದು, ಅಂಗಡಿಗೆಲ್ಲ ಚಿಕ್ಕಮ್ಮನೇ. ರಟ್ಟು ಕೊಯ್ಯುವವನಿಗೆ ವಕೀಲ ಎಂದು ಹೆಸರು. ಅವನೇನೂ ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ, ಸಿಕ್ಕಿದ್ದಕ್ಕೆಲ್ಲ ವಾದ ಹೂಡಿ ಹೂಡಿ ಸಂಪಾದಿಸಿದ ಹೆಸರು ಅದು. ಒತ್ತುಯಂತ್ರದ ಪಕ್ಕ ಮೇಸ್ತ್ರಿ. ಕಿಟಕಿಯ ಹತ್ತಿರ, ಪುಸ್ತಕಗಳ ಬೆನ್ನ ಮೇಲೆ ಹೆಸರು ಬರೆಯುತ್ತ ಕೂರುವವಳು ಅಕ್ಷರದಕ್ಕ. ಮಾತು ಕಡಿಮೆ, ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.

“ಇದೇನ್ರೀ ಅನ್ಯಾಯ!” ವಕೀಲ ಕತ್ತಿ ಕೆಳಗಿಟ್ಟ. “ಎರಡು ವರ್ಷದಿಂದ ಕೇಳ್ತಿದೀನಿ. ಈ ದೊಡ್ಡಕ್ಕ ಮನೆ ಬಿಟ್ಟುಹೋದ ತಮ್ಮನ ಫೋಟೋ ಗೋಡೆಯಿಂದ ಇಳಿಸಿದಳು. ಅವನ ಕಾಗದ ಒಲೆಗೆ ಹಾಕಿದಳು. ಇವತ್ತು ಆ ತಮ್ಮ ತನ್ನ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹಳೇ ದಿನ ನೆನೆಸ್ಕೊಂಡು ಹೇಳ್ತಾನೆ, ಅಂದು ನಾನು ಬಾಗಿಲು ತಟ್ಟಿದೆ, ಅಕ್ಕ ಓಡಿಬಂದು ತೆಗೆದು ಅಪ್ಕೊಂಡು ಅತ್ತಳು ಅಂತ. ನಮ್ಮ ಕಿವಿ ಮೇಲೆ ಹೂ ಇಡ್ತಿದಾರಾ?”

“ಮನಸ್ಸು ಕರಗಬಾರದೇನೋ?” ಎಂದರು ಚಿಕ್ಕಮ್ಮ, ಸೂಜಿಗೆ ದಾರ ಹಾಕುತ್ತ.

“ಕರಗಲಿ ಚಿಕ್ಕಮ್ಮ, ಬೇಡ ಅಂದೋರ್ಯಾರು? ಯಾಕೆ ಕರಗಿತು ಅಂತ ಹೇಳಬೇಕಲ್ವಾ?”

“ಬೆಳಗ್ಗೆ ಹೆಂಡತಿ ಜೊತೆ ಕಿತ್ತಾಡಿ ಬರ್ತೀಯ, ಮಧ್ಯಾಹ್ನ ಅವಳ ಬುತ್ತಿ ಬಿಚ್ಚಿ ಬೆರಳು ಚೀಪ್ತೀಯ. ನೀನು ಯಾವತ್ತಾದ್ರೂ ಕಾರಣ ಕೊಟ್ಟಿದೀಯೇನೋ?”

ಎಲ್ಲರೂ ನಕ್ಕರು. ಮೇಸ್ತ್ರಿ ಮಾತ್ರ ತಲೆಯಾಡಿಸಿದರು. “ಇಲ್ಲ ಚಿಕ್ಕಮ್ಮ, ಅವನ ಮಾತಲ್ಲಿ ಹುರುಳಿದೆ. ಈ ಪಾತ್ರ ಮೊದಲಿಂದ್ಲೂ ಹೀಗೇ. ಒಂದು ವಾರ ಹೆತ್ತ ತಾಯಿ ಥರ ತಮ್ಮನ ಹಾಸಿಗೆ ಪಕ್ಕ ಕೂರ್ತಾಳೆ, ಮರುವಾರ ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾಳೆ. ಇಬ್ಬರು ಹೆಂಗಸರನ್ನ ಸೇರಿಸಿ ಒಬ್ಬಳನ್ನ ಮಾಡಿದ ಹಾಗಿದೆ. ಬರೆಯೋನಿಗೇ ಅವಳು ಯಾರು ಅಂತ ಗೊತ್ತಿಲ್ಲ.”

“ನೀನೇನಂತೀಯ ಅಕ್ಕ?” ವಕೀಲ ಕಿಟಕಿಯ ಕಡೆ ತಿರುಗಿದ.

“ಅವಳು ತೆಗೆಯಲ್ಲ,” ಎಂದಳು ಅಕ್ಷರದಕ್ಕ.

“ನೋಡಿ! ಯಾಕೆ ತೆಗೆಯಲ್ಲ, ಅದನ್ನೂ ಹೇಳು.”

“ತೆಗೆಯಲ್ಲ, ಅಷ್ಟೇ.” ಅವಳ ಕುಂಚದ ತುದಿಯಿಂದ ಒಂದು ಹನಿ ಬಣ್ಣ ಪುಸ್ತಕದ ಮೇಲೆ ಬಿತ್ತು. ಹನ್ನೆರಡು ವರ್ಷದ ಕೆಲಸದಲ್ಲಿ ಅವಳ ಕೈ ಹಾಗೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಪಾಪ, ಅವರಿಗೇನು ಗೊತ್ತು! ಪ್ರತಿ ಕಂತಿನ ಕೊನೆಗೆ ಬರೆದವರ ಹೆಸರು ಹೇಳುತ್ತಾರಲ್ಲ, ಆ ಹೆಸರನ್ನು ಅವನಿಗೆ ಇಟ್ಟವಳೇ ಇವಳು. ತಮ್ಮ ಹುಟ್ಟಿದಾಗ ಇವಳಿಗೆ ಒಂಬತ್ತು ವರ್ಷ; ಇದೇ ಹೆಸರಾಗಬೇಕೆಂದು ಹಟ ಹಿಡಿದು ಎರಡು ದಿನ ಊಟ ಬಿಟ್ಟಿದ್ದಳು. ಅವನ ಪುಟ್ಟ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವಳೂ ಇವಳೇ. ದೊಡ್ಡವನಾದ ಮೇಲೆ ನಾಟಕ ಎಂದುಕೊಂಡು ಹೊರಟುಹೋದ. ಮೂರು ವರ್ಷ ಪತ್ತೆಯಿಲ್ಲ. ಅಷ್ಟರಲ್ಲಿ ಅಮ್ಮ ಮಲಗಿದಳು. ಎತ್ತುವುದು, ಒರೆಸುವುದು, ತುತ್ತು ಹಾಕುವುದು, ಎಲ್ಲ ಇವಳೊಬ್ಬಳೇ. ಅಮ್ಮ ಏಳುವುದೇ ನಿಂತ ಮೇಲೆ ಅವಳ ಹಸಿರು ಮನೆಚಪ್ಪಲಿಯನ್ನೂ ಇವಳೇ ಮೆಟ್ಟಿಕೊಂಡು ಓಡಾಡುತ್ತಿದ್ದಳು.

ಒಂದು ಮಧ್ಯಾಹ್ನ ಬಾಗಿಲ ಹೊರಗೆ “ಅಕ್ಕಾ” ಎಂಬ ದನಿ. ಇವಳು ಓಡಿಹೋಗಿ ಚಿಲಕಕ್ಕೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ಮೂರು ವರ್ಷದ ಸಿಟ್ಟು ಒಮ್ಮೆಲೇ ನೆತ್ತಿಗೇರಿತ್ತು. ಇನ್ನೊಂದು ಸಲ ಕರೆಯಲಿ, ಆಗ ತೆಗೆಯೋಣ ಅಂದುಕೊಂಡಳು. ಅವನು ಕರೆಯಲಿಲ್ಲ. ಬಹಳ ಹೊತ್ತು ಹೊರಗೆ ಉಸಿರಾಡುತ್ತ ನಿಂತಿದ್ದು ಹೊರಟುಹೋದ. ಕೋಣೆಯಿಂದ ಅಮ್ಮ ಕ್ಷೀಣವಾಗಿ, “ಮಗ ಬಂದನೇನೇ?” ಎಂದಳು. “ಇಲ್ಲಮ್ಮ, ಯಾರೋ ವಿಳಾಸ ಕೇಳೋಕೆ ಬಂದಿದ್ರು,” ಎಂದಳು ಇವಳು. ನಾಲ್ಕನೆಯ ದಿನ ಅಮ್ಮ ಹೋದಳು. ಆಮೇಲೆ ಇವಳು ಆ ಮನೆ ಬಿಟ್ಟಳು. ಅಕ್ಕ, ತಮ್ಮ ಒಬ್ಬರ ಮುಖ ಒಬ್ಬರು ನೋಡಿ ಹದಿನೇಳು ವರ್ಷವಾಯಿತು.

“ರೇಡಿಯೋದವರಿಗೆ ಒಂದು ಕಾಗದ ಹಾಕೇಬಿಡೋಣ,” ಎಂದ ವಕೀಲ. “ಅಕ್ಕ, ನೀನೇ ಬರೀಬೇಕು. ನಿನ್ನ ಅಕ್ಷರ ಕಂಡ್ರೆ ಯಾರೂ ಕಸದ ಬುಟ್ಟಿಗೆ ಹಾಕಲ್ಲ.”

ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ಫೋಟೋ ಇಳಿಸಿದ ಕಂತು, ಕಾಗದ ಸುಟ್ಟ ಕಂತು, ತಾರೀಖಿನ ಸಮೇತ. ಕಡೆಯಲ್ಲಿ ‘ಬೈಂಡಿಂಗ್ ಅಂಗಡಿಯ ಕೇಳುಗರು’ ಎಂದು ಸಹಿ. ಚಿಕ್ಕಮ್ಮ ಮುನಿಸಿಕೊಂಡೇ ಹೆಬ್ಬೆಟ್ಟು ಒತ್ತಿದರು. ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕಲು ಕಾಗದ ಅಕ್ಷರದಕ್ಕನ ಚೀಲ ಸೇರಿತು.

ಎರಡು ದಿನ ಅದು ಚೀಲದಲ್ಲೇ ಇತ್ತು. ಅವನು ಈ ಕಾಗದ ನೋಡಿದರೆ ಮೊದಲ ಸಾಲಿಗೇ ಅಕ್ಷರದ ಗುರುತು ಹಿಡಿಯುತ್ತಾನೆ. ಹಿಡಿದು ಏನಂದುಕೊಂಡಾನು? ಅಷ್ಟು ಮಾತ್ರವಲ್ಲ, ಇನ್ನೊಂದು ಆಸೆಯೂ ಅವಳನ್ನು ಕಾಡುತ್ತಿತ್ತು, ಯಾಕೆ ಮುಚ್ಚಿಡಲಿ. ರೇಡಿಯೋದಲ್ಲಾದರೂ ಬಾಗಿಲು ತೆರೆದಿತ್ತು. ಊರೆಲ್ಲ ಕೇಳಿತ್ತು. ಚಿಕ್ಕಮ್ಮನಂಥವರು ಕಣ್ಣೊರೆಸಿಕೊಂಡಿದ್ದರು. ತಮ್ಮ ತಾನಾಗಿ ಕೊಟ್ಟ ಒಳ್ಳೆಯ ಹೆಸರು. ಬಾಯಿ ಮುಚ್ಚಿಕೊಂಡಿದ್ದರೆ ಅದು ಹಾಗೇ ಉಳಿಯುತ್ತದೆ. ಆದರೆ ಹನ್ನೊಂದಾದರೆ ಸಾಕು, ತಾನು ಮಾಡದ ಒಳ್ಳೆಯತನವನ್ನು ಕೇಳುತ್ತ ಕೂರಬೇಕಲ್ಲ. ಮೂರನೆಯ ದಿನ ಲಕೋಟೆ ಬಿಡಿಸಿ ಕೆಳಗೆ ನಾಲ್ಕು ಸಾಲು ಸೇರಿಸಿದಳು.

‘ಅಕ್ಕ ಬಾಗಿಲು ತೆಗೆಯಲಿಲ್ಲ. ಆದರೆ ಬಾಗಿಲ ಹಿಂದೆಯೇ ನಿಂತಿದ್ದಳು, ಚಿಲಕದ ಮೇಲೆ ಕೈಯಿಟ್ಟುಕೊಂಡು. ಇನ್ನೊಂದು ಸಲ ಕರೆದಿದ್ದರೆ ತೆಗೆಯುತ್ತಿದ್ದಳು. ಅಮ್ಮ ಆಗ ಎರಡು ತಿಂಗಳಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ.’

ಯಾರೋ ವಿಳಾಸ ಕೇಳಲು ಬಂದಿದ್ದರು ಎಂದು ಅಮ್ಮನಿಗೆ ಹೇಳಿದ ಸುಳ್ಳನ್ನು ಬರೆಯಲು ಕೈ ಬರಲಿಲ್ಲ. ಅಷ್ಟಕ್ಕೇ ಮಡಚಿ ಡಬ್ಬಿಗೆ ಹಾಕಿದಳು.

ಶನಿವಾರ ಕೇಳುಗರ ಕಾಗದ ಓದುವ ಹೊತ್ತಿಗೆ ಎಲ್ಲರೂ ಕಿವಿ ನಿಮಿರಿಸಿ ಕೂತರು. ಇವರ ಕಾಗದದ ಸುದ್ದಿಯೇ ಇಲ್ಲ. ಮರು ಶನಿವಾರವೂ ಇಲ್ಲ. “ಬುಟ್ಟಿಗೇ ಹೋಯ್ತು,” ಎಂದು ವಕೀಲ ರೇಡಿಯೋದವರ ವಂಶವನ್ನೆಲ್ಲ ಜಾಲಾಡಿದ. ಅಕ್ಷರದಕ್ಕ ಮುಂದಿನ ಪುಸ್ತಕ ಕೈಗೆತ್ತಿಕೊಂಡಳು. ರಾತ್ರಿ ನಿದ್ದೆಯಿಲ್ಲದೆ ಅವಳ ಕಣ್ಣುಗಳು ಒಳಗೆ ಹೋಗಿದ್ದವು.

ಐದನೆಯ ವಾರ, ಒಂದು ಬುಧವಾರ. ನಾಟಕದ ತಮ್ಮ ತನ್ನ ಮಗಳನ್ನು ಕರೆದ. ಆ ದನಿ ಪಾತ್ರಧಾರಿಯದು, ಮಾತು ಮಾತ್ರ ಅಕ್ಷರದಕ್ಕನ ತಮ್ಮನದು.

“ಮಗಳೇ, ನಿನಗೊಂದು ಸುಳ್ಳು ಹೇಳಿದ್ದೆ. ನಿಮ್ಮತ್ತೆ ಅವತ್ತು ಬಾಗಿಲು ತೆಗೀಲಿಲ್ಲ.”

ಅಂಗಡಿಯಲ್ಲಿ ಸೂಜಿ, ಕತ್ತಿ, ಯಂತ್ರ, ಎಲ್ಲ ನಿಂತವು.

“ಬಾಗಿಲ ಕೆಳಗೆ ಒಂದು ಸಂದಿಯಿತ್ತು. ಅದರಲ್ಲಿ ಎರಡು ಕಾಲು ಕಾಣ್ತಿತ್ತು. ಹಸಿರು ಚಪ್ಪಲಿ ಹಾಕಿದ ಕಾಲು. ಅದು ನಮ್ಮಮ್ಮನ ಚಪ್ಪಲಿ. ಅಮ್ಮನೇ ಬಾಗಿಲ ಹಿಂದೆ ನಿಂತಿದಾಳೆ, ನಿಂತೂ ತೆಗೀತಿಲ್ಲ ಅಂದ್ಕೊಂಡೆ. ಅದಕ್ಕೇ ಇನ್ನೊಂದು ಸಲ ಕರೆಯೋಕೆ ಬಾಯಿ ಬರಲಿಲ್ಲ. ಇಷ್ಟು ವರ್ಷ ಅಮ್ಮನೇ ನನ್ನ ಬೇಡ ಅಂದಳು ಅಂತಲೇ ಬದುಕಿದೆ. ಅಮ್ಮನ್ನ ಕೆಟ್ಟವಳು ಅನ್ನೋಕಾಗದೆ ಆ ಕಲ್ಲುಮನಸ್ಸನ್ನೆಲ್ಲ ಅಕ್ಕನ ತಲೆಗೆ ಕಟ್ಟಿದೆ. ಆಮೇಲೆ ಅಕ್ಕನ ಮೇಲೆ ಪಾಪ ಅನ್ನಿಸಿ, ನಿನಗೆ ಹೇಳಿದ ಕತೇಲಿ ಅವಳ ಕೈಲೇ ಬಾಗಿಲು ತೆಗೆಸಿದೆ. ಅಮ್ಮ ಎದ್ದೇ ಇರಲಿಲ್ಲವಂತೆ ಮಗಳೇ. ಚಪ್ಪಲಿ ಹಾಕ್ಕೊಂಡಿದ್ದವಳು ಅಕ್ಕ.”

ಕಂತು ಮುಗಿದು, ಬರೆದವರ ಹೆಸರು ಹೇಳಿ, ಹವಾಮಾನ ವರದಿ ಶುರುವಾಯಿತು. ಯಾರೂ ರೇಡಿಯೋ ಆರಿಸಲಿಲ್ಲ.

“ಈಗ ಹೊಂದಿತು ನೋಡಿ,” ಎಂದ ವಕೀಲ, ಯಾವತ್ತೂ ಇಲ್ಲದ ಸಣ್ಣ ದನಿಯಲ್ಲಿ. “ಮೇಸ್ತ್ರಿ ಹೇಳಿದ್ದೇ ನಿಜ, ಇಬ್ಬರು ಹೆಂಗಸರು. ಆದ್ರೆ ಈ ಚಪ್ಪಲಿ ಮಾತು ನಾವು ಬರೆದೇ ಇರಲಿಲ್ಲವಲ್ಲ.”

“ಕೆಟ್ಟದ್ದು ಬರೆದೋರು ಒಳ್ಳೇದೂ ಬರೀಬೇಕು,” ಎಂದರು ಚಿಕ್ಕಮ್ಮ, ಸೆರಗಿನಿಂದ ಮೂಗೊರೆಸುತ್ತ. “ಬರಿಯೇ ಅಕ್ಕ, ಚೆನ್ನಾಗಿತ್ತು ಅಂತ ಇನ್ನೊಂದು ಕಾಗದ ಹಾಕೋಣ.”

ಅಕ್ಷರದಕ್ಕ ಕುಂಚ ತೊಳೆದು ಬಟ್ಟೆಯಲ್ಲಿ ಒರೆಸಿಟ್ಟಳು. ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿದಳು. ಗೋಡೆಯ ಮೊಳೆಯಿಂದ ಚೀಲ ತೆಗೆದುಕೊಂಡಳು.

“ಕಾಗದ ಬೇಡ ಚಿಕ್ಕಮ್ಮ. ರೇಡಿಯೋ ಆಫೀಸಿಗೆ ನಾನೇ ಹೋಗಿ ಬರ್ತೀನಿ. ಅವನು ನನ್ನ ತಮ್ಮ.”

ಮೇಸ್ತ್ರಿ ಎದ್ದು ನಿಂತರು. ವಕೀಲ ರೇಡಿಯೋ ಆರಿಸಿದ. ಚಿಕ್ಕಮ್ಮ ಮಾತ್ರ ಹತ್ತಿರ ಬಂದು ಅವಳ ಕೈ ಹಿಡಿದರು. “ಎಲ್ಲ ಗೊತ್ತಾಯ್ತಲ್ಲ ಮಗಾ ಅವನಿಗೆ. ಇನ್ನೇನು ಹೇಳೋದಿದೆ?”

“ಅಮ್ಮನಿಗೆ ಅವನ ದನಿ ಕೇಳಿಸಿತ್ತು,” ಎಂದಳು ಅಕ್ಷರದಕ್ಕ. “ಮಗ ಬಂದನಾ ಅಂತ ಕೇಳಿದಳು. ಇಲ್ಲ ಅಂದವಳು ನಾನು.”