ರನ್‌ವೇ ಖಾಲಿ ಇದೆ ಅನ್ನಿಸಿದಾಗ

ಮಳೆಯಲ್ಲಿ ನೆನೆದ ಟಾರ್ಪಾಲು, ಅದರ ಮೇಲೆ ಚೆಲ್ಲಿದ ಪೆಟ್ರೋಲು. ಇವೆರಡೂ ಬೆರೆತ ವಾಸನೆಯೇ ಕ್ಯಾಪ್ಟನ್ನರ ಬಾಲ್ಯ. ಅವರ ಅಪ್ಪ ಇದೇ ಸಣ್ಣ ವಿಮಾನ ಮೈದಾನದಲ್ಲಿ ಮೆಕ್ಯಾನಿಕ್ ಆಗಿದ್ದರು. ಶಾಲೆ ಬಿಟ್ಟೊಡನೆ ಶೆಡ್ಡಿಗೆ ಓಡಿಬಂದು, ವಿಮಾನಕ್ಕೆ ಹೊದಿಸಿದ ಟಾರ್ಪಾಲಿನ ಅಡಿ ತೂರಿ ಕುಳಿತುಬಿಟ್ಟರೆ ಕತ್ತಲಾಗುವ ತನಕ ಕ್ಯಾಪ್ಟನ್ನರಿಗೆ ಹಸಿವೂ ತಿಳಿಯುತ್ತಿರಲಿಲ್ಲ. ಮುಂದೆ ಅವರು ಪೈಲಟ್ ಆದರು. ಮಗನನ್ನೂ ಮಗಳನ್ನೂ ಪೈಲಟ್ ಮಾಡಿದರು.

ಈಗ ಆ ವಾಸನೆ ಬಂದರೆ ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ನಡೆಯುತ್ತಾರೆ. ಹೋದ ಮಳೆಗಾಲದಲ್ಲಿ ಮಗನನ್ನು ಮೈದಾನದಿಂದ ಹೊತ್ತು ತಂದದ್ದು ಅಂಥದೇ ಒಂದು ಟಾರ್ಪಾಲಿನಲ್ಲಿ.

ನಡೆದದ್ದು ಇಷ್ಟು. ಗುಡ್ಡದಾಚೆಯ ಆಸ್ಪತ್ರೆಗೆ ಔಷಧಿ ಕೊಟ್ಟು ಮಗ ಬೆಳಿಗ್ಗೆ ಹಿಂದಿರುಗುತ್ತಿದ್ದ. ನೆಲ ಗಟ್ಟಿ ಮಾಡುವ ರೋಲರ್ ರನ್‌ವೇಯ ನಡುವೆ ಕೆಟ್ಟು ನಿಂತಿತ್ತು. ಅದರ ಚಾಲಕ ಅಂಗಿ ಬಿಚ್ಚಿ ಬೀಸುತ್ತಾ ಓಡಿ ಬಂದ. ತೆಳ್ಳಗೆ ಮಂಜಿತ್ತು, ಆದರೂ ರೋಲರ್ ಕಾಣುತ್ತಿತ್ತು ಎಂದು ಎಲ್ಲರೂ ಹೇಳಿದರು. ಮಗ ಮಾತ್ರ ಏನೂ ಇಲ್ಲವೆಂಬಂತೆ ನೇರ ಅದರ ಮೇಲೆಯೇ ಇಳಿದ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಕ್ಯಾಪ್ಟನ್ ಒಂದು ಮಾತು ಆಡಿದ್ದರು: “ಕಣ್ಣಿದ್ದೂ ಕುರುಡನಾದ.” ಸೊಸೆ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಆಮೇಲೆ ಆ ಮನೆಯಲ್ಲಿ ಮಾವ ಸೊಸೆಯ ನಡುವೆ ಅಗತ್ಯಕ್ಕಿಂತ ಹೆಚ್ಚಿಗೆ ಒಂದು ಮಾತೂ ಹುಟ್ಟಲಿಲ್ಲ. ಅಣ್ಣನ ಕೆಲಸ ತಂಗಿಯ ಹೆಗಲಿಗೆ ಬಂತು. ಅದೇ ಗುಡ್ಡ, ಅದೇ ಮಂಜು, ಅದೇ ರನ್‌ವೇ.

ಮಳೆ ಮತ್ತೆ ಶುರುವಾಗುವ ಹೊತ್ತಿಗೆ ಕ್ಯಾಪ್ಟನ್ನರ ತಮ್ಮನ ಮಗಳು ಬಂದಳು. ವಿಶ್ವವಿದ್ಯಾಲಯದಲ್ಲಿ ಗಣಿತದವಳು. ಮನೆಯಲ್ಲಿ ಎಲ್ಲರೂ ಅವಳನ್ನು ಲೆಕ್ಕದಮ್ಮ ಎನ್ನುತ್ತಿದ್ದರು. ಪೈಲಟ್ಟುಗಳು ಮುಂದೆ ಏನು ಕಾಣುತ್ತದೆ ಎಂದು ಮೊದಲೇ ಊಹಿಸುತ್ತಾರಲ್ಲ, ಆ ಊಹೆ ಎಷ್ಟು ಸಲ ಕಾಪಾಡುತ್ತದೆ, ಎಷ್ಟು ಸಲ ಕೈಕೊಡುತ್ತದೆ ಎಂಬುದನ್ನು ಅವಳ ತಂಡ ಸಂಭವನೀಯತೆಯ ಲೆಕ್ಕದಿಂದ ಹುಡುಕುತ್ತಿತ್ತು. ಈ ಮೈದಾನದ ಪೈಲಟ್ಟುಗಳನ್ನೂ ಪರೀಕ್ಷೆಗೆ ಕೂರಿಸಬೇಕೆಂದು ಕೇಳಿದಳು. ಮೊದಲು ಕ್ಯಾಪ್ಟನ್ ಕೂತರೆ ನಾವೂ ಕೂರುತ್ತೇವೆ ಎಂದು ಉಳಿದವರು ಜಾರಿಕೊಂಡರು.

“ಕಣಿ ಹೇಳೋಕೆ ಬಂದಿದ್ದೀಯಾ?” ಎಂದರು ಕ್ಯಾಪ್ಟನ್. “ನಾಳೆ ಯಾವ ವಿಮಾನ ಬೀಳುತ್ತೆ ಅಂತ ಹೇಳ್ತೀಯೇನು?”

“ಅದು ಹೇಳೋಕೆ ಬಂದಿದ್ರೆ ನಾನು ಬಸ್ಸಲ್ಲಿ ಯಾಕೆ ಓಡಾಡ್ತಿದ್ದೆ ದೊಡ್ಡಪ್ಪ? ಯಾವ ಹೊತ್ತಲ್ಲಿ ಇನ್ನೊಂದ್ಸಲ ನೋಡ್ಬೇಕು ಅಂತ ಹೇಳಬಲ್ಲೆ, ಅಷ್ಟೇ.”

ಕ್ಯಾಪ್ಟನ್ ಒಪ್ಪಲಿಲ್ಲ. ಈ ರನ್‌ವೇಯನ್ನು ತಾನು ನಿದ್ದೆಯಲ್ಲೂ ಬಲ್ಲೆ, ನೋಡದವನು ಸಾಯುತ್ತಾನೆ, ಅದಕ್ಕೆ ಲೆಕ್ಕ ಯಾಕೆ ಎಂದು ಗೊಣಗಿದರು. ಕೊನೆಗೆ, ಕೂತು ತೋರಿಸಿದರೆ ಹುಡುಗಿ ಬಾಯಿ ಮುಚ್ಚುತ್ತಾಳೆ ಎಂದುಕೊಂಡು ಎದ್ದರು.

ಶೆಡ್ಡಿನ ಮೂಲೆಯಲ್ಲಿ ವಿಮಾನದಂಥದೇ ಕುರ್ಚಿ, ಹಿಡಿಕೆ, ಎದುರಿಗೆ ದೊಡ್ಡ ಪರದೆ. ಪರದೆಯಲ್ಲಿ ಇದೇ ಗುಡ್ಡ, ಇದೇ ಮೈದಾನ. ಕ್ಯಾಪ್ಟನ್ನರ ಮಗಳು ಹಿಂದೆ ನಿಂತಿದ್ದಳು. ಪ್ರತಿ ಸಲ ಇಳಿಯುವ ಮುಂಚೆ ಲೆಕ್ಕದಮ್ಮ ಒಂದೇ ಪ್ರಶ್ನೆ ಕೇಳುತ್ತಿದ್ದಳು: ರನ್‌ವೇ ಖಾಲಿ ಇರುತ್ತೆ ಅಂತ ಹತ್ತಕ್ಕೆ ಎಷ್ಟು ನಂಬಿಕೆ?

“ಹತ್ತಕ್ಕೆ ಹತ್ತು. ಬೇಕಾದ್ರೆ ಹನ್ನೊಂದು ಬರ್ಕೋ.”

ಇಳಿದರು, ಮತ್ತೆ ಇಳಿದರು. ಪರದೆಯ ಮೇಲೆ ಮಂಜು ಸ್ವಲ್ಪ ಸ್ವಲ್ಪವೇ ಕವಿಯುತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೊನೆಯ ಸಲವೂ ಇಳಿಸಿ, ಕ್ಯಾಪ್ಟನ್ ಹೆಮ್ಮೆಯಿಂದ ತಿರುಗಿ ನೋಡಿದರು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

ಲೆಕ್ಕದಮ್ಮ ಮೊದಲು ಹೋಗಿ ಶೆಡ್ಡಿನ ಬಾಗಿಲು ಮುಂದೆ ಮಾಡಿ ಬಂದಳು, ಹೊರಗಿದ್ದ ಪೈಲಟ್ಟುಗಳಿಗೆ ಕಾಣದಿರಲಿ ಎಂದು. ಆಮೇಲೆ ಆ ಇಳಿತವನ್ನು ನಿಧಾನವಾಗಿ ಮತ್ತೆ ತೋರಿಸಿದಳು. ರನ್‌ವೇಯ ನಟ್ಟನಡುವೆ ಒಂದು ನೀರಿನ ಟ್ಯಾಂಕರ್ ನಿಂತಿತ್ತು. ಪರದೆಯ ಚಿತ್ರವಾದ್ದರಿಂದ ಡಿಕ್ಕಿಯಾಗದೆ, ಕ್ಯಾಪ್ಟನ್ನರ ವಿಮಾನ ಅದರೊಳಗಿಂದಲೇ ಹಾದುಹೋಗಿತ್ತು.

“ಅದು ಅಲ್ಲಿರಲಿಲ್ಲ,” ಎಂದರು. ಇನ್ನೊಮ್ಮೆ ತೋರಿಸು ಎಂದರು. ಇನ್ನೊಮ್ಮೆಯೂ ಅದು ಅಲ್ಲೇ ಇತ್ತು. ಮಗನನ್ನು ಕೊಂದ ರೋಲರನ್ನೇ ಅಲ್ಲಿ ನಿಲ್ಲಿಸಲು ಲೆಕ್ಕದಮ್ಮನಿಗೆ ಮನಸ್ಸು ಬಂದಿರಲಿಲ್ಲ ಎಂಬುದೂ ಅವರಿಗೆ ಆಗ ಹೊಳೆಯಿತು. ಹಿಡಿಕೆಯಿಂದ ಕೈ ತೆಗೆದರು. ಮಗಳು ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟಳು.

ಲೆಕ್ಕದಮ್ಮ ಮೆಲ್ಲಗೆ ವಿವರಿಸಿದಳು. “ಮನಸ್ಸನ್ನ ತಕ್ಕಡಿ ಅಂದ್ಕೊಳ್ಳಿ ದೊಡ್ಡಪ್ಪ. ಒಂದು ತಟ್ಟೇಲಿ ನಮ್ಮ ನಿರೀಕ್ಷೆ, ಇನ್ನೊಂದರಲ್ಲಿ ಕಣ್ಣಿಗೆ ಕಂಡದ್ದು. ರನ್‌ವೇ ಖಾಲಿ ಸಿಕ್ಕಿದಾಗೆಲ್ಲ ನಿರೀಕ್ಷೆ ಕಡೆ ಒಂದು ಕಲ್ಲು ಬೀಳುತ್ತೆ. ನಿಮ್ಮ ತಟ್ಟೇಲಿ ಒಂದು ಜೀವಮಾನದ ಕಲ್ಲಿದೆ. ಮಂಜಲ್ಲಿ ಮಸುಕಾಗಿ ಕಂಡದ್ದು ಹತ್ತಿಯಷ್ಟು ಹಗುರ. ಯಾವ ಕಡೆ ವಾಲುತ್ತೆ ನೀವೇ ಹೇಳಿ. ನಮ್ಮ ಲೆಕ್ಕ ಆ ಎರಡು ತೂಕ ಅಳೆಯುತ್ತೆ. ಎಂಥ ಹವೆಯಲ್ಲಿ, ಎಂಥ ಇಳಿತದಲ್ಲಿ ತಪ್ಪೋ ಸಾಧ್ಯತೆ ಜಾಸ್ತಿ ಅಂತ ಮೊದಲೇ ಎಚ್ಚರಿಸುತ್ತೆ.”

“ಹಾಗಾದ್ರೆ ಅನುಭವ ಇದ್ದವನೇ ದಡ್ಡ ಅಂತೀಯಾ?”

“ಇಲ್ಲ. ಇಷ್ಟು ವರ್ಷ ನಿಮ್ಮನ್ನ ಕಾಪಾಡಿದ್ದು ಅನುಭವಾನೇ. ಯಾವತ್ತೋ ಒಂದಿನ ಅದೇ ಕಣ್ಣಿಗೆ ಅಡ್ಡ ಬರುತ್ತೆ. ಅದಕ್ಕೇ ಇಳಿಯೋ ಮುಂಚೆ ಬಾಯಿಬಿಟ್ಟು ಹೇಳ್ಕೋಬೇಕು, ‘ಇವತ್ತು ರನ್‌ವೇ ಮೇಲೆ ಏನೋ ಇದೆ’ ಅಂತ. ಹೇಳಿ, ಅದನ್ನ ಹುಡುಕಬೇಕು. ಹುಡುಕೋ ಕಣ್ಣೇ ಬೇರೆ, ಖಾಲಿ ಇದೆ ಅಂತ ಸುಮ್ನೆ ತಲೆ ಆಡಿಸೋ ಕಣ್ಣೇ ಬೇರೆ. ಅನುಮಾನ ಬಂದ್ರೆ ಇಳೀದೆ ಮತ್ತೆ ಮೇಲೇರಬೇಕು.”

ಕ್ಯಾಪ್ಟನ್ ಪರದೆಯಲ್ಲಿದ್ದ ಟ್ಯಾಂಕರಿನ ಕಡೆ ಮತ್ತೆ ತಿರುಗಿದರು. “ಅವನಿಗೂ ಹೀಗೇ ಆಯ್ತಾ?”

“ಖಂಡಿತ ಅಂತ ಹೇಳೋಕಾಗಲ್ಲ ದೊಡ್ಡಪ್ಪ. ಹೋದವರ ಮೇಲೆ ನನ್ನ ಲೆಕ್ಕ ತೀರ್ಪು ಕೊಡಲ್ಲ. ಆದ್ರೆ ಹೀಗಾಗಿರೋ ಸಾಧ್ಯತೆ ದೊಡ್ಡದು. ಅಣ್ಣ ಉದಾಸೀನ ಮಾಡಿದ ಅನ್ನೋದಕ್ಕಿಂತ ದೊಡ್ಡದು.”

ಹಿಂದೆ ನಿಂತಿದ್ದ ಮಗಳು ಆಗ ಬಾಯಿಬಿಟ್ಟಳು. “ಅಪ್ಪ, ಹೋದ ತಿಂಗಳು ರನ್‌ವೇ ಮೇಲೆ ದನ ಇತ್ತು. ನಾನೂ ನೋಡ್ಲಿಲ್ಲ. ಕೊನೇ ಗಳಿಗೇಲಿ ಕಂಡು ಮೇಲೇರಿದೆ.”

“ಯಾಕೆ ಹೇಳ್ಲಿಲ್ಲ ನನಗೆ?”

“ಅಣ್ಣನ್ನ ಏನಂದ್ರಿ ಅಂತ ಗೊತ್ತಿತ್ತಲ್ಲ.”

ತಗಡಿನ ಮೇಲೆ ಮಳೆ ಬೀಳುತ್ತಿತ್ತು. ತಾನು ಆಡಿದ ಒಂದು ಮಾತು ಸತ್ತವನನ್ನು ಚುಚ್ಚಿದ್ದಲ್ಲದೆ ಬದುಕಿರುವವಳ ಬಾಯಿಯನ್ನೂ ಕಟ್ಟಿತ್ತು ಎಂಬುದು ಕ್ಯಾಪ್ಟನ್ನರಿಗೆ ಅರ್ಥವಾಯಿತು. ಅವಳು ಹೇಳಿದ್ದರೆ ದನ ನುಗ್ಗುವ ಬೇಲಿಯ ಕಿಂಡಿಯನ್ನಾದರೂ ಮುಚ್ಚಿಸಬಹುದಿತ್ತು. ಹೇಳದೆ ಇದ್ದುದರಿಂದ ಆ ಕಿಂಡಿ ಇವತ್ತಿಗೂ ಹಾಗೆಯೇ ಇದೆ, ಅವಳು ದಿನವೂ ಅಲ್ಲೇ ಇಳಿಯುತ್ತಿದ್ದಾಳೆ.

ಅವರೇ ಎದ್ದು ಹೋಗಿ ಶೆಡ್ಡಿನ ಬಾಗಿಲು ತೆರೆದರು. ಹೊರಗಿದ್ದವರನ್ನು ಒಳಗೆ ಕರೆದು, ತಾವು ಟ್ಯಾಂಕರಿನ ಮೇಲೆ ಇಳಿದದ್ದನ್ನು ತಾವೇ ಹೇಳಿದರು. ಯಾರೂ ನಗಲಿಲ್ಲ. ಅವರಲ್ಲಿ ಎಲ್ಲರಿಗಿಂತ ಹಿರಿಯ ಪೈಲಟ್ ತಲೆ ತಗ್ಗಿಸಿಕೊಂಡು ಬಂದು, ತನಗೂ ಹಿಂದೊಮ್ಮೆ ಹೀಗಾಗಿತ್ತು ಎಂದು ಕುರ್ಚಿಯಲ್ಲಿ ಕುಳಿತರು. ಕ್ಯಾಪ್ಟನ್ ಬೇಲಿಯ ಕಡೆಗೆ ಆಳು ಕಳಿಸಿದರು.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ನಿಮ್ಮ ಮನೆಯವರು ವಿಮಾನ ಹಾರಿಸುವವರಾಗಲಿ, ಲಾರಿ ಓಡಿಸುವವರಾಗಲಿ, ದಿನವೂ ಹೋಗುವ ದಾರಿಯಲ್ಲೇ ಇನ್ನೊಮ್ಮೆ ನೋಡಲು ಹೇಳಿ. ಹತ್ತಕ್ಕೆ ಹತ್ತು ಎಂದು ಮನಸ್ಸು ಹೇಳಿದಾಗಲೇ ಕಣ್ಣಿಗೆ ಕೆಲಸ ಕೊಡಿ. ಮುಖ್ಯವಾಗಿ, ಕೂದಲೆಳೆಯಲ್ಲಿ ಪಾರಾಗಿ ಬಂದವರು ಅದನ್ನು ಹೇಳಿಕೊಂಡರೆ ದಯವಿಟ್ಟು ಬೈಯಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅವರು ಹೇಳಿದ್ದು ಇನ್ನೊಬ್ಬರ ಜೀವ ಉಳಿಸೀತು.

ಆ ದಿನ ಕ್ಯಾಪ್ಟನ್ ಮನೆಗೆ ಬಂದಾಗ ಸೊಸೆ ಕಿಟಕಿಯ ಬಳಿ ಬಟ್ಟೆ ಮಡಿಸುತ್ತಿದ್ದಳು. ಅವರು ಒದ್ದೆ ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತರು.

“ಅವನು ಕುರುಡನಾಗಿರಲಿಲ್ಲ ಮಗಳೇ. ಇವತ್ತು ನನಗೂ ಕಾಣಲಿಲ್ಲ. ನಾನು ಆ ಮಾತು ಆಡಬಾರದಿತ್ತು.”

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಪೂರ್ತಿ ಮಡಿಸಿ ಕೆಳಗಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಪಾತ್ರೆಯ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಹಬೆಯಾಡುವ ಊಟದ ತಟ್ಟೆ ತಂದು, ಮೇಜಿನ ಮೇಲೆ ಇಡದೆ, ಅವರ ಕೈಗೇ ಕೊಟ್ಟಳು.