ಕೆಂಪು ಗಂಟು

“ಲಕ್ಷ್ಮಕ್ಕ, ಯಾವ ದಾರ ಹಾಕಿದ್ದೀಯ ನೋಡ್ಕಂಡಿದ್ದೀಯೇನಮ್ಮ?”

ಮಂಡಿ ಯಜಮಾನರು ಮರುಳಸಿದ್ದಯ್ಯ ಲಾರಿ ಪಕ್ಕದಲ್ಲಿ ಚೀಲವೊಂದರ ಮೂಲೆ ಹಿಡಿದು ನಿಂತಿದ್ದರು. ತಿಪಟೂರಿನ ಆ ಮಂಡಿಯಲ್ಲಿ ಉಂಡೆ ಕೊಬ್ಬರಿ ಚೀಲಗಳಿಗೆ ಬಾಯಿ ಹೊಲಿಯುವುದು ಲಕ್ಷ್ಮಕ್ಕನ ಕೆಲಸ. ದಬ್ಬಣ ಕೆಳಗಿಟ್ಟು ನೋಡಿದಳು. ಬಿಳಿ ಹೊಲಿಗೆಯ ತುದಿಗೆ ಕೆಂಪು ಗಂಟು. ಬೆಳಗಿನಿಂದ ಹೊಲಿದ ಚೀಲಗಳಿಗೆಲ್ಲ ಅದೇ.

“ಅಯ್ಯೋ, ಮದ್ವೆ ಕಾಲ ಅಲ್ವ್ರಾ, ಕೈ ತಾನೇ ಹಾಕ್ಬುಡ್ತು ಕಣ್ರೀ.”

“ಅಕ್ಕಯ್ಯನ ಕೈಗೆ ಇನ್ನೂ ಬಾರ್ಡರ್ ಮುಚ್ಚಿಲ್ಲ,” ಎಂದ ಹಮಾಲಿ ಬಸವರಾಜು.

ಆ ಗಂಟು ಶುರು ಮಾಡಿದವಳು ಅವಳೇ. ಮಾಲು ಅಮೃತಸರ ದಾಟಿ ಲಾಹೋರಿಗೆ ಹೋಗುತ್ತಿದ್ದ ಕಾಲ. ಅಲ್ಲೂ ಮದುವೆಗೆ ಕೊಬ್ಬರಿ ಬೇಕೇ ಬೇಕಂತೆ ಎಂದು ಲಾರಿ ಡ್ರೈವರೊಬ್ಬ ಹೇಳಿದ್ದ. ಮಡಿಲಕ್ಕಿಗೆ ಹೋಗುವ ಕೊಬ್ಬರಿ ಬರೀ ಬಿಳಿ ದಾರದಲ್ಲಿ ಹೋಗಬಾರದು ಅನ್ನಿಸಿ ಕೆಂಪು ನೂಲು ಸೇರಿಸಿದ್ದಳು. ಮರುವರ್ಷ ಆ ಕಡೆಯ ವ್ಯಾಪಾರಿ ಕೆಂಪು ಗಂಟಿನ ಚೀಲವೇ ಬೇಕೆಂದು ಹೇಳಿಕಳಿಸಿದ. ಜೊತೆಗೆ, ಹೊಲಿದವರಿಗೆಂದು ಒಂದು ಪೊಟ್ಟಣ ಉತ್ತುತ್ತೆ. ಯಜಮಾನರೂ ಸೇರಿ ಮಂಡಿಯವರೆಲ್ಲ ತಿಂದಿದ್ದರು. ಅದರ ಬೀಜಗಳನ್ನು ಅವಳು ಹಿತ್ತಲಲ್ಲಿ ಹೂತು ಬಹಳ ದಿನ ನೀರು ಹಾಕಿದಳು. ಒಂದೂ ಹುಟ್ಟಲಿಲ್ಲ.

ಈಗ ಸರ್ಕಾರ ಗಡಿಯ ವ್ಯಾಪಾರವನ್ನೇ ನಿಲ್ಲಿಸಿದೆ. ದುಬೈ ಸುತ್ತಿಕೊಂಡು ಮಾಲು ಅತ್ತ ಹೋಗುತ್ತಿದೆಯೇ ಎಂದೂ ತಪಾಸಣೆ. ಹಳೇ ಗುರುತು ಕಂಡರೆ ಲಾರಿ ಹಿಡಿಯುತ್ತಾರೆ, ಹಾಗಾದರೆ ಇನ್ನು ನಿಮ್ಮ ಮಾಲೇ ಬೇಡ ಎಂದು ದೆಹಲಿಯ ಖರೀದಿದಾರ ಫೋನಿನಲ್ಲಿ ಹೇಳಿದ್ದ.

“ಎಲ್ಲಾ ಬಿಚ್ಚು. ಇನ್ನೊಂದು ಚೀಲದಲ್ಲಿ ಇದು ಕಂಡ್ರೆ ನಾಳೆನೇ ಹೊಲಿಗೆ ಮಿಷನ್ ತರಿಸ್ತೀನಿ. ನೀನು ಮನೇಲಿರು,” ಎಂದರು ಯಜಮಾನರು.

“ಉತ್ತುತ್ತೆ ತಿನ್ನೋವಾಗ ಗಂಟು ಚೆನ್ನಾಗಿತ್ತು, ಅಲ್ವ್ರಾ ಯಜಮಾನ್ರೇ?”

ಮರುಳಸಿದ್ದಯ್ಯ ಪಂಚೆ ಮೇಲೆ ಕಟ್ಟಿ ಎದುರಿಗೆ ಕೂತು, ತಾವೂ ಉಗುರಿನಲ್ಲಿ ಗಂಟು ಬಿಚ್ಚತೊಡಗಿದರು. ನೆಲದ ಕೊಬ್ಬರಿ ಪುಡಿಯಲ್ಲಿ ಕೆಂಪು ಎಳೆಗಳು ಬಿದ್ದವು.

ಹೊತ್ತು ಇಳಿಯಿತು. ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ. ಕೊನೆಯ ಚೀಲ ಹೊಲಿಯುವಾಗ ಮರುಳಸಿದ್ದಯ್ಯ ಅವಳ ಕೈಯನ್ನೇ ನೋಡುತ್ತ ನಿಂತರು. ದಬ್ಬಣ ಮೂಲೆಗೆ ಬಂತು. ಅವಳ ಎಡಗೈ ಪಕ್ಕಕ್ಕೆ ಚಾಚಿ, ಕೆಂಪು ನೂಲಿನುಂಡೆ ಇರುತ್ತಿದ್ದ ಜಾಗವನ್ನು ಸವರಿ, ಅಲ್ಲೇ ನಿಂತಿತು.

ಆಮೇಲೆ ಅವಳು ಬಗ್ಗಿ ಬಿಳಿ ದಾರವನ್ನು ಹಲ್ಲಿನಲ್ಲಿ ಕಡಿದಳು.