ಸರಿಯಾದ ವೇಗ

ಟ್ರಂಪೆಟ್ಟಿನ ಮೊದಲ ಸ್ವರ ಕೇಳಿದೊಡನೆ, ಇದು ಅವನಲ್ಲ ಎಂದುಕೊಂಡಳು.

ರೆಕಾರ್ಡಿನ ಹೊದಿಕೆ ಅದೇ. ಅಂಚು ಸವೆದ ರಟ್ಟು, ಮೂಲೆಯಲ್ಲಿ ಹಿಂದಿನವರು ಯಾರೋ ನೀಲಿ ಶಾಯಿಯಲ್ಲಿ ಬರೆದು ಆಮೇಲೆ ಹೊಡೆದುಹಾಕಿದ ಹೆಸರು. ರೆಕಾರ್ಡೂ ಅದೇ. ಆದರೆ ನುಡಿಸುತ್ತಿದ್ದವನಿಗೆ ವಯಸ್ಸಾಗಿತ್ತು. ಮೆಟ್ಟಿಲು ಹತ್ತುವವನಂತೆ ಒಂದೊಂದು ಸ್ವರಕ್ಕೂ ತುಸು ನಿಂತು ಮೇಲೇರುತ್ತಿದ್ದ.

ಬಾಗಿಲಲ್ಲಿ ಗಂಡ ನಿಂತಿದ್ದ. ಅಂಗಿಯ ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರ್. ಬೆನ್ನ ಹಿಂದೆ ಏನನ್ನೋ ಬಚ್ಚಿಟ್ಟುಕೊಂಡ ಮಕ್ಕಳಂಥ ಮುಖ.

"ಏನಾದ್ರೂ ಗೊತ್ತಾಯ್ತಾ?"

"ಏನು?"

"ನಿನ್ನ ರೆಕಾರ್ಡ್ ಮೆಷಿನ್ ಓಡ್ತಿತ್ತು ಕಣೇ, ಇರಬೇಕಾದ್ದಕ್ಕಿಂತ ಜೋರಾಗಿ. ತಂದಾಗಿಂದ ಹಾಗೇ ಇದ್ದಿರಬೇಕು. ನೀನು ಕಾಲೇಜಿಗೆ ಹೋದಮೇಲೆ ಕೂತು, ಒಳಗಿನ ತಿರುಪು ತಿರುಗಿಸಿ ಸರಿ ಮಾಡ್ದೆ."

ಅಂಗಡಿಗಳ ತಕ್ಕಡಿ ಪರೀಕ್ಷಿಸುವುದು ಅವನ ಕೆಲಸ. ಎಲ್ಲಿ ಏನು ವಾಲಿದ್ದರೂ ಕೈ ತಾನಾಗಿ ಹೋಗುತ್ತದೆ. ನೆಂಟರ ಮನೆಯ ಗಡಿಯಾರವನ್ನೂ ಬಿಟ್ಟವನಲ್ಲ. ಈ ಕೋಣೆಗೆ ಮಾತ್ರ ಇಷ್ಟು ವರ್ಷ ಕೈಹಾಕಿರಲಿಲ್ಲ. ಅವಳು ರೆಕಾರ್ಡು ಹಾಕಿದರೆ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋಗುತ್ತಿದ್ದ. ಅದನ್ನು ಅವಳು ಪ್ರೀತಿಯೆಂದೇ ತಿಳಿದಿದ್ದಳು.

ಗೆರೆಗಳಿದ್ದ ದುಂಡು ಕಾಗದವೊಂದನ್ನು ತೋರಿಸಿದ. ಅದನ್ನು ಮೆಷಿನ್ ಮೇಲಿಟ್ಟು ದೀಪದ ಬೆಳಕಿನಲ್ಲಿ ನೋಡಬೇಕಂತೆ. ವೇಗ ಸರಿಯಿದ್ದರೆ ತಿರುಗುವ ಗೆರೆ ನಿಂತಂತೆ ಕಾಣುತ್ತದಂತೆ.

"ಫಿಸಿಕ್ಸಲ್ಲಿ ಶಬ್ದದ ಪಾಠ ಮಾಡೋ ಮೇಡಂ ನೀನು. ಕಿವಿಗೆ ಗೊತ್ತೇ ಆಗ್ಲಿಲ್ವಾ?"

ಅವನು ನಕ್ಕ. ಅವಳೂ ನಕ್ಕಳು. ವೇಗ ಹೆಚ್ಚಿದರೆ ಶ್ರುತಿ ಏರುತ್ತದೆ: ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಾಳೆ.

ಹಳೆಯ ರೆಕಾರ್ಡುಗಳ ಅಂಗಡಿ ಒಂದು ನೆಲಮಾಳಿಗೆಯಲ್ಲಿತ್ತು. ಅಲ್ಲಿಗೆ ಇಳಿದಳೆಂದರೆ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಮೇಡಮ್ಮೂ ಅಲ್ಲ. ಬರೀ ಎರಡು ಬೆರಳು. ಜಾಜ್ ಎಂದು ಬರೆದ ಪೆಟ್ಟಿಗೆಯಲ್ಲಿ ಆ ಬೆರಳು ಒಂದೊಂದೇ ಹೊದಿಕೆಯನ್ನು ಮುಂದಕ್ಕೆ ವಾಲಿಸುತ್ತ ಹೋಗುತ್ತಿದ್ದವು. ಬೇಕಾದದ್ದು ಬಂದಾಗ ಕಣ್ಣಿಗಿಂತ ಮೊದಲು ಎದೆಗೆ ತಿಳಿಯುತ್ತಿತ್ತು. ಮನೆಗೆ ತಂದು ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲು ತಟ್ಟೆಗಳ ನಡುವೆ ಒಣಗಲು ಇಡುತ್ತಿದ್ದಳು. "ಎರಡು ಕರೀ ತಟ್ಟೆ ಜಾಸ್ತಿ ಇವೆಯಲ್ಲೇ, ಯಾರಾದ್ರೂ ಊಟಕ್ಕೆ ಬರ್ತಾರಾ?" ಎನ್ನುತ್ತಿದ್ದರು ಅತ್ತೆ.

ಒಮ್ಮೆ ಅಂಗಡಿಯಲ್ಲಿ ಇದೇ ರಾಗ ಕೇಳಿಸಿತ್ತು. "ನಿಮ್ಮ ಮೆಷಿನ್ ನಿಧಾನ, ಎಳೀತಿದೆ, ರಿಪೇರಿ ಮಾಡಿಸಿ," ಎಂದಿದ್ದಳು. "ಹೌದಾ ಮೇಡಂ, ನೋಡ್ತೀನಿ," ಎಂದು ಅಂಗಡಿಯವನು ತಲೆಯಾಡಿಸಿದ್ದ. ಅಂದು ಹೆಮ್ಮೆಯಿಂದ ಮೆಟ್ಟಿಲು ಹತ್ತಿದ್ದಳು. ಈಗ ಕಿವಿಯ ತುದಿ ಬಿಸಿಯಾಯಿತು.

ಅದು ದೊಡ್ಡ ಮಾತಲ್ಲ. ಮಗು ಉಳಿಯದ ಆ ವರ್ಷ ಅವಳನ್ನು ಹಾಸಿಗೆಯಿಂದ ಎಬ್ಬಿಸಿದ್ದು ಈ ಟ್ರಂಪೆಟ್ಟಿನವನ ನಗು. ಯಾವುದೋ ಕಾಲದ, ಮುಖವೇ ಕಾಣದ ಮನುಷ್ಯ ಇಷ್ಟು ಹಗುರಾಗಿ ಇರಬಲ್ಲನಾದರೆ ತಾನೂ ಇದ್ದೇನು ಎಂದುಕೊಂಡು ಎದ್ದು ತಲೆ ಬಾಚಿಕೊಂಡಿದ್ದಳು.

ಅವನು ನಕ್ಕಿರಲೇ ಇಲ್ಲ. ಒಂದು ತಿರುಪು ನಕ್ಕಿತ್ತು.

"ಏನೇ," ಪಕ್ಕದ ಕೋಣೆಯಿಂದ ಅತ್ತೆಯ ದನಿ, "ಇವತ್ತು ನಿನ್ನ ಊದೋನಿಗೆ ಮೈ ಸರಿ ಇಲ್ವಾ? ಉಸಿರೆಳೀತಿದಾನೆ."

ಅವಳು ಬೆಚ್ಚಿದಳು. ಹಾಗಾದರೆ ಗೋಡೆಯ ಆಚೆ ಕೂತು ಇಷ್ಟು ವರ್ಷ ಇವರೂ ಕೇಳುತ್ತಿದ್ದರು.

"ಅಮ್ಮಾ, ಈಗಲೇ ಸರಿಯಾಗಿರೋದು. ಮೊದಲು ತಪ್ಪಿತ್ತು," ಗಂಡ ಕೂಗಿ ಹೇಳಿದ.

"ತಪ್ಪೋ ಒಪ್ಪೋ, ಕುಣೀತಿದ್ದ. ಏನು ಮಾಡ್ದೆಯೋ ಪಾಪ ಅವನಿಗೆ!"

ಗಂಡನ ಮುಖ ಇಳಿಯಿತು. ಕೈ ಜೇಬಿಗೆ ಹೋಯಿತು. ತೋರುಬೆರಳಿಗೆ ಪಟ್ಟಿ ಸುತ್ತಿದ್ದ. ಮೆಷಿನ್ ಬಿಚ್ಚುವಾಗ ತರಚಿರಬೇಕು.

"ಚೆನ್ನಾಗಿಲ್ವಾ? ಬೇಡ ಅಂದ್ರೆ ಹೇಳು. ಮೊದಲಿನ ಹಾಗೇ ಮಾಡಿಬಿಡ್ತೀನಿ. ಎರಡು ನಿಮಿಷದ ಕೆಲಸ."

ಹೂಂ ಎಂದರೆ ಸಾಕಿತ್ತು. ಅವನು ತಿರುಪನ್ನು ಹಿಂದಕ್ಕೆ ತಿರುಗಿಸುತ್ತಾನೆ, ಟ್ರಂಪೆಟ್ಟಿನವನು ಮತ್ತೆ ಎಳೆಯನಾಗುತ್ತಾನೆ. ಅವಳು ಮಾತ್ರ ಪ್ರತಿ ಸಲವೂ ಆ ನಗುವಿನ ಅಡಿಯಲ್ಲಿ ತಿರುಪನ್ನೇ ಕೇಳುತ್ತಾಳೆ. ಇವನೋ, ಬಾಗಿಲು ಎಳೆದುಕೊಂಡು ಹೋಗುತ್ತಾನೆ, ಇನ್ನೊಮ್ಮೆ ಒಳಗೆ ಬರುವುದಿಲ್ಲ.

"ಇರ್ಲಿ ಬಿಡಿ. ಚೆನ್ನಾಗಿದೆ."

"ನಿಜವಾಗ್ಲೂ?"

"ಹೂಂ."

"ಹಾಗಾದ್ರೆ ನಾನೂ ಕೇಳ್ತೀನಿ. ಜರುಗು ಸ್ವಲ್ಪ."

ಮೊಣಕಾಲು ಲಟಕ್ಕೆನ್ನಿಸುತ್ತ ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತ. ಅವನ ಅಂಗಿಗೆ ಎಣ್ಣೆಯ ವಾಸನೆ ಹತ್ತಿತ್ತು. ಎಲ್ಲಿ ತಾಳ ಹಾಕಬೇಕೋ ತಿಳಿಯದೆ ಅಂಗೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡ. ಮದುವೆಗೆ ಹೆಣ್ಣು ನೋಡಲು ಬಂದವನಂತೆ ಕೂತಿದ್ದಾನೆ ಎನ್ನಿಸಿ ಅವಳಿಗೆ ಅಯ್ಯೋ ಎನಿಸಿತು. ರೆಕಾರ್ಡಿನವನು ಪ್ರತಿ ಸಾಲಿಗೂ ಮೊದಲು ಉಸಿರು ತೆಗೆದುಕೊಳ್ಳುತ್ತಿದ್ದ. ಹಿಂದೆಂದೂ ಅದು ಅವಳಿಗೆ ಕೇಳಿಸಿರಲಿಲ್ಲ. ಅವನ ಬಗ್ಗೆಯೂ ಅಯ್ಯೋ ಎನಿಸಿತು.

ರಾಗ ಮುಗಿಯಿತು. ಮುಳ್ಳು ಒಳಗಿನ ಖಾಲಿ ಗೀರಿಗೆ ಜಾರಿ ಅಲ್ಲೇ ಸುತ್ತತೊಡಗಿತು. ಟಕ್. ಟಕ್. ಎದ್ದು ಎತ್ತಿಡಬೇಕು.

ಗಂಡನ ಪಟ್ಟಿ ಸುತ್ತಿದ ಬೆರಳು ತೊಡೆಯ ಮೇಲೆ ಆಡಿತು. ಮತ್ತೆ ಆಡಿತು.

"ಈ ಭಾಗ ಚೆನ್ನಾಗಿದೆ ಕಣೇ," ಎಂದ, ಕಣ್ಣು ಮುಚ್ಚಿಕೊಂಡೇ.

ಅವಳು ಏಳಲಿಲ್ಲ. ಅವನ ಭುಜ ಮೆಲ್ಲಗೆ ಅವಳ ಭುಜಕ್ಕೆ ಒರಗಿತು. ಖಾಲಿ ಗೀರಿನಲ್ಲಿ ಮುಳ್ಳು ಸುತ್ತುತ್ತಿತ್ತು, ಅವನ ಬೆರಳು ಜೊತೆಗಿತ್ತು, ಒಂದಿಷ್ಟೂ ತಪ್ಪದೆ.